ಹಳದಿ ಕೈ

ಆ ಶಾಲೆಯಲ್ಲಿ ಓದಿದವರನ್ನು ಯಾರನ್ನೇ ಕೇಳಿ, ಗಣಿತದ ಟೀಚರ ನಿಜವಾದ ಹೆಸರನ್ನು ಥಟ್ಟನೆ ಹೇಳಲಾರರು. ‘ಕೈಯೆತ್ತು ಟೀಚರ್’ ಅಂದರೆ ಸಾಕು, ಮುಖ ಅರಳುತ್ತದೆ, ಇಲ್ಲವೇ ಬಾಡುತ್ತದೆ. ಅದು ಅವರವರು ತೆಗೆದ ಅಂಕಗಳಿಗೆ ಬಿಟ್ಟದ್ದು. ಅವರ ತರಗತಿಗೆ ಇದ್ದ ಕಾನೂನು ಒಂದೇ. ಬಾಯಿ ತೆರೆಯುವ ಮೊದಲು ಕೈ ಎತ್ತಬೇಕು, ಎತ್ತಿದ ಮೇಲೆ ಅವರು ನೋಡುವವರೆಗೆ ಕಾಯಬೇಕು. ಸಂಶಯಕ್ಕೂ ಅದೇ, ನೀರು ಕುಡಿಯುವುದಕ್ಕೂ ಅದೇ, ಹಿಂದಿನವನು ಜಡೆ ಎಳೆದ ಎನ್ನುವ ದೂರಿಗೂ ಅದೇ. ಒಮ್ಮೆ ಒಬ್ಬ ಹುಡುಗ ಮೂಗಿನಿಂದ ರಕ್ತ ಸೋರುತ್ತಿದ್ದರೂ ಒಂದು ಕೈಯಲ್ಲಿ ಮೂಗು ಹಿಡಿದು ಇನ್ನೊಂದು ಕೈ ಎತ್ತಿ ಕೂತಿದ್ದನಂತೆ. ಸ್ಟಾಫ್ ರೂಮಿನಲ್ಲಿ ಇದನ್ನು ಹೇಳಿಕೊಂಡು ನಗುತ್ತಿದ್ದರು. ಟೀಚರೂ ನಗುತ್ತಿದ್ದರು.

ಆದರೆ ಕಾನೂನಿನ ಇನ್ನೊಂದು ಅರ್ಧವನ್ನು ಹೇಳದೆ ಬಿಟ್ಟರೆ ಅವರಿಗೆ ಅನ್ಯಾಯವಾಗುತ್ತದೆ. ಎತ್ತಿದ ಕೈಯನ್ನು ಅವರು ಕಾಣದೆ ಬಿಟ್ಟದ್ದೇ ಇಲ್ಲ. ಬೋರ್ಡಿನ ಮೇಲೆ ತ್ರಿಕೋನ ಬರೆಯುತ್ತ ಬೆನ್ನು ತಿರುಗಿಸಿದ್ದಾಗಲೂ, ಕೊನೆಯ ಬೆಂಚಿನಲ್ಲಿ ಅಂಜುತ್ತ ಅಂಜುತ್ತ ಕಿವಿಯ ಮಟ್ಟಕ್ಕೆ ಬಂದು ನಿಂತ ಕೈ ಅವರಿಗೆ ಹೇಗೋ ತಿಳಿಯುತ್ತಿತ್ತು. “ಹೇಳು ಮಗೂ” ಎನ್ನುತ್ತಿದ್ದರು, ತಿರುಗುವ ಮೊದಲೇ. ಅವರಿಗೆ ಮಕ್ಕಳಿರಲಿಲ್ಲ. ಗಂಡ ಬೇಗ ತೀರಿಕೊಂಡ ಮೇಲೆ ಅಕ್ಕನ ಮನೆಯ ಮಹಡಿಯಲ್ಲಿ ಒಂದು ಕೋಣೆ, ಒಂದು ಒಲೆ, ಅಷ್ಟೇ ಸಂಸಾರ. ಬದುಕಿನಲ್ಲಿ ನೀವು ಮಾಡಿದ್ದೇನು ಎಂದು ಯಾರಾದರೂ ಕೇಳಿದ್ದರೆ, ‘ಕೈ ಎತ್ತಿದ ಯಾವ ಮಗುವನ್ನೂ ನಾನು ಕಾಣದೆ ಬಿಡಲಿಲ್ಲ’ ಎನ್ನುತ್ತಿದ್ದರು. ಹೆಮ್ಮೆ ಪಡಲು ಅವರ ಹತ್ತಿರ ಇದ್ದದ್ದು ಅದೊಂದೇ, ಮತ್ತು ಅದು ಸುಳ್ಳಾಗಿರಲಿಲ್ಲ.

ಆಮೇಲೆ ಆ ರೋಗ ಬಂತು. ಶಾಲೆಯ ಗೇಟಿಗೆ ಬೀಗ ಬಿತ್ತು. ಬೀದಿಯಲ್ಲಿ ಆಂಬುಲೆನ್ಸ್ ಬಿಟ್ಟರೆ ಬೇರೆ ಸದ್ದಿಲ್ಲ. ಪಾಠ ಇನ್ನು ಫೋನಿನಲ್ಲಿ ಎಂದು ಹೆಡ್‌ಮಾಸ್ಟರರು ಸಂದೇಶ ಕಳಿಸಿದಾಗ ಟೀಚರು ಅದನ್ನು ಎರಡೆರಡು ಸಲ ಓದಿದರು. ಅವರಿಗೆ ಫೋನೆಂದರೆ ಅಕ್ಕ ಕೆಳಗಿನಿಂದ ಊಟಕ್ಕೆ ಕರೆಯುವ ಯಂತ್ರ.

ತರಬೇತಿಯೂ ಫೋನಿನಲ್ಲೇ ನಡೆಯಿತು. ಈಜು ಬಾರದವರನ್ನು ನೀರಿನ ನಡುವೆ ನಿಲ್ಲಿಸಿ ಈಜು ಹೇಳಿಕೊಟ್ಟ ಹಾಗೆ. ಕಲಿಸಿದವನು ಪಾಪ ಒಳ್ಳೆಯವನೇ, ಆದರೆ ಅವನ ಬಾಯಿಗೆ ಬ್ರೇಕ್ ಇರಲಿಲ್ಲ. ಇದನ್ನು ಒತ್ತಿದರೆ ಸದ್ದು ಬಂದ್, ಅದನ್ನು ಒತ್ತಿದರೆ ಮುಖ ಬಂದ್, ಇಲ್ಲಿ ಒತ್ತಿದರೆ ಪುಸ್ತಕದ ಪುಟ ಎಲ್ಲರಿಗೂ ಕಾಣುತ್ತೆ. ಟೀಚರು ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿದ್ದಾಗ ಒಲೆಯ ಮೇಲಿನ ಹಾಲು ಉಕ್ಕಿತು. ಓಡಿಹೋಗಿ ಒಲೆ ಆರಿಸಿ, ಚೆಲ್ಲಿದ್ದನ್ನು ಒರೆಸಿ ಬರುವಷ್ಟರಲ್ಲಿ ಅವನು, “ಇದು ಬಹಳ ಮುಖ್ಯ, ಮರೀಬೇಡಿ” ಎಂದು ಏನನ್ನೋ ಮುಗಿಸಿ ಮುಂದಕ್ಕೆ ಹೋಗಿದ್ದ. ಏನದು ಎಂದು ಕೇಳಬಹುದಿತ್ತು. ಆದರೆ ಪರದೆಯ ತುಂಬ ಸಹೋದ್ಯೋಗಿಗಳು, ಅರ್ಧಕ್ಕರ್ಧ ಜನ ಒಂದು ಕಾಲಕ್ಕೆ ಅವರ ವಿದ್ಯಾರ್ಥಿಗಳೇ ಆಗಿದ್ದವರು. ಅವರೆದುರು ‘ಹಾಲು ಉಕ್ಕಿತು, ಇನ್ನೊಮ್ಮೆ ಹೇಳಿ’ ಎನ್ನುವುದು ಹೇಗೆ? ಗೊತ್ತಾಗದಿದ್ದರೆ ಕೇಳಿ ಕೇಳಿ ಎಂದು ಜೀವಮಾನವೆಲ್ಲ ಮಕ್ಕಳ ತಲೆ ತಿಂದವರು ತಾವು ಮಾತ್ರ ಕೇಳಲಿಲ್ಲ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಎಂದು ಸುಮ್ಮನೆ ಅಂದಿದ್ದಾರೆಯೇ.

ಉಳಿದದ್ದನ್ನು ಅಕ್ಕನ ಮಗಳು ಹೇಳಿಕೊಟ್ಟಳು. ಅವಳು ಫೋನನ್ನು ನಿಘಂಟುಗಳ ರಾಶಿಗೆ ಒರಗಿಸಿ, ಬೆಳಕು ಮುಖಕ್ಕೆ ಬೀಳುವಂತೆ ಕುರ್ಚಿ ತಿರುಗಿಸಿ, “ಚಿಕ್ಕಮ್ಮ, ಕೂಗ್ಬೇಡ, ಅದಕ್ಕೆ ಕಿವಿ ಚೆನ್ನಾಗಿದೆ” ಎಂದು ನಗಿಸಿದಳು. ಮೊದಲ ದಿನಗಳು ನಗುವಂತೆಯೇ ಇದ್ದವು. ಅಕ್ಕ ಮಹಡಿ ಹತ್ತಿ ಬಂದು ತರಗತಿಯ ನಡುವೆಯೇ, “ಬಟ್ಟೆ ಒಣಗಿದೆ, ತೆಗೆದಿಡು” ಎಂದದ್ದು ಎಲ್ಲ ಮಕ್ಕಳಿಗೂ ಕೇಳಿಸಿತು. ಮಕ್ಕಳ ಕಡೆಯಿಂದಲೂ ಹಾಗೇ. ಒಂದು ಮನೆಯಲ್ಲಿ ಕುಕ್ಕರ್ ಸೀಟಿ, ಒಂದರಲ್ಲಿ ಟಿವಿ, ಒಂದರಲ್ಲಿ ಗಂಡ ಹೆಂಡಿರ ಜಗಳ. ಸಂತೆಯಲ್ಲಿ ಪಾಠ ಮಾಡಿದಂತಾಗಿ ಟೀಚರಿಗೆ ತಲೆ ಸಿಡಿಯುತ್ತಿತ್ತು.

ಒಂದು ದಿನ ಎಲ್ಲರ ಧ್ವನಿಯನ್ನೂ ಒಮ್ಮೆಲೇ ಮುಚ್ಚುವ ಗುಂಡಿ ಸಿಕ್ಕಿತು. ಮಕ್ಕಳು ತಾವಾಗಿ ತೆರೆಯದಂತೆ ಬೀಗ ಹಾಕುವುದನ್ನೂ ಕಲಿತರು. ಒತ್ತಿದರು. ಅಷ್ಟೂ ಮನೆಗಳು ಗಪ್‌ಚಿಪ್. ಆ ನಿಶ್ಶಬ್ದದಲ್ಲಿ ಅವರಿಗೆ ತಮ್ಮ ಹಳೆಯ ತರಗತಿಯೇ ಮರಳಿ ಬಂದಂತಾಯಿತು. ಮಕ್ಕಳು ಬರಹದಲ್ಲಿ ಕುಚೇಷ್ಟೆ ಕಳಿಸುತ್ತಾರೆಂದು ಅದನ್ನೂ ಮುಚ್ಚಿಸಿದರು. ಇಬ್ಬರು ಹುಡುಗರು ಪಾಠದ ನಡುವೆ ಮೆಲ್ಲಗೆ ಜಾರಿಕೊಂಡು ಆಟಕ್ಕೆ ಹೋದಾಗ ಮಾರನೆಯ ದಿನ ಅವರನ್ನು ಒಳಗೇ ಬಿಡಲಿಲ್ಲ. “ಶಾಲೆ ಎಲ್ಲಿದ್ರೂ ಶಾಲೇನೇ. ಎದ್ದು ಹೋಗ್ಬೇಕಾದ್ರೆ ಕೈ ಎತ್ತಿ, ಕೇಳಿ, ಹೋಗಿ” ಎಂದು ಸಾರಿದರು.

ಆದರೆ ಕೈಗಳು ಎಲ್ಲಿದ್ದವು? ಹೆಚ್ಚಿನ ಮಕ್ಕಳು ಮುಖವನ್ನೇ ತೋರಿಸುತ್ತಿರಲಿಲ್ಲ. ಕೆಲವರ ಮನೆಯಲ್ಲಿ ನೆಟ್ ಸಾಲದು, ಕೆಲವರಿಗೆ ಹಿಂದಿನ ಗೋಡೆ ತೋರಿಸಲು ನಾಚಿಕೆ. ಮುಖದ ಜಾಗದಲ್ಲಿ ಒಬ್ಬನದು ಬೆಕ್ಕು, ಒಬ್ಬಳದು ಗುಲಾಬಿ, ಒಬ್ಬನದು ರೇಸ್ ಕಾರು. ದಿನಕ್ಕೊಂದು ಬದಲಾಗುತ್ತಿತ್ತು. ಕಾಣುತ್ತಿದ್ದ ನಾಲ್ಕಾರು ಮುಖಗಳ ಕಡೆ ಟೀಚರು ಹದ್ದಿನಂತೆ ನೋಡುತ್ತಿದ್ದರು, ಅಲ್ಲಿ ಕೈ ಎದ್ದರೆ ತಕ್ಷಣ, “ಹೇಳು ಮಗೂ.”

ಮುಖ ತೋರಿಸದವರಲ್ಲಿ ಒಬ್ಬಳು ‘ಪಿಸು’. ಅವಳ ಮಾತು ಪಕ್ಕದವಳಿಗೂ ಕೇಳಿಸದಷ್ಟು ಮೆತ್ತಗೆ ಇದ್ದುದರಿಂದ ಗೆಳತಿಯರು ಇಟ್ಟ ಹೆಸರು ಅದು. ಏಳನೆಯ ತರಗತಿ. ಅಮ್ಮ ಆಸ್ಪತ್ರೆಯಲ್ಲಿ ನರ್ಸ್, ರೋಗಿಗಳು ಹೆಚ್ಚಾದಂದಿನಿಂದ ಅಲ್ಲೇ ವಾಸ. ಮನೆಯಲ್ಲಿ ಹುಡುಗಿ ಮತ್ತು ದರ್ಜಿ ಕೆಲಸ ಮಾಡಿ ಬೆನ್ನು ಬಾಗಿದ ಅಜ್ಜ. ಕೈ ಎತ್ತಿ ಕಾಯುವುದರಲ್ಲಿ ಅವಳನ್ನು ಮೀರಿಸಿದವರಿಲ್ಲ. ತರಗತಿಯಲ್ಲಿ ತನ್ನ ಸರದಿ ಬರುವಷ್ಟರಲ್ಲಿ ಎತ್ತಿದ ಕೈ ನೋಯತೊಡಗಿದರೆ ಇನ್ನೊಂದು ಕೈಯಿಂದ ಮೊಣಕೈಗೆ ಆಸರೆ ಕೊಟ್ಟುಕೊಳ್ಳುತ್ತಿದ್ದಳೇ ಹೊರತು ಇಳಿಸುತ್ತಿರಲಿಲ್ಲ. ಟೀಚರಿಗೆ ಅವಳ ಮೇಲೆ ಒಂದು ಹಿಡಿ ಪ್ರೀತಿ ಹೆಚ್ಚೇ ಇತ್ತು.

ಆ ದಿನ ವೃತ್ತದ ಪಾಠ. ಟೀಚರು ಬಿಳಿ ಹಾಳೆಯ ಮೇಲೆ ಕೈವಾರ ತಿರುಗಿಸಿ ತೋರಿಸುತ್ತಿದ್ದರು. ಪಾಠ ಶುರುವಾಗಿ ಸ್ವಲ್ಪ ಹೊತ್ತಿಗೆ ಪಿಸುವಿನ ಚೌಕದ ಮೂಲೆಯಲ್ಲಿ ಒಂದು ಪುಟ್ಟ ಹಳದಿ ಕೈ ಮೂಡಿತು. ಟೀಚರು ಅದನ್ನು ನೋಡಿದರು. ನೋಡಲಿಲ್ಲ ಎಂದು ಯಾರೂ ಹೇಳುವ ಹಾಗಿಲ್ಲ. ‘ಈ ಹುಡುಗಿಗೂ ಬೊಂಬೆ ಅಂಟಿಸೋ ಹುಚ್ಚು ಹಿಡೀತಲ್ಲ’ ಎಂದುಕೊಂಡು ಒಳಗೊಳಗೇ ಮುಗುಳ್ನಕ್ಕು ತ್ರಿಜ್ಯಕ್ಕೆ ಹೋದರು. ತ್ರಿಜ್ಯ ಮುಗಿದು ವ್ಯಾಸ, ವ್ಯಾಸ ಮುಗಿದು ಪರಿಧಿ. ಹಳದಿ ಕೈ ಅಲ್ಲೇ ಇತ್ತು. ಕೊನೆಗೆ, “ಯಾರಿಗೂ ಸಂಶಯ ಇಲ್ವಾ? ಒಂದು ಕೈಯೂ ಕಾಣ್ತಿಲ್ಲ. ಜಾಣರು” ಎಂದು ಹೊಗಳಿ ತರಗತಿ ಮುಗಿಸಿದರು. ಪಾಠ ಚೆನ್ನಾಗಿ ಬಂತೆಂದು ಅವತ್ತು ಒಂದು ಲೋಟ ಕಾಫಿಯನ್ನು ನಿಧಾನವಾಗಿ ಕುಡಿದರು.

ಮಾರನೆಯ ದಿನ ಪಿಸು ಬರಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ವಾರ ಕಳೆಯುವಷ್ಟರಲ್ಲಿ ಟೀಚರು ಅವಳ ಮನೆಗೆ ಫೋನ್ ಮಾಡಿದರು. ಎತ್ತಿದವಳು ಅಮ್ಮ.

“ನಮ್ಮಪ್ಪ ಹೋಗ್ಬಿಟ್ರು, ಟೀಚರ್.”

ಟೀಚರು, “ಅಯ್ಯೋ, ಯಾವಾಗಮ್ಮ?” ಎಂದರು.

ಅಮ್ಮ ಒಂದೊಂದಾಗಿ ಹೇಳಿದಳು. ಅಜ್ಜನಿಗೆ ಜ್ವರ ಬಂದಿತ್ತು. ಮಗು ಅವರ ಕೋಣೆಗೆ ಹೋಗಬಾರದು, ಬಾಗಿಲ ಹೊರಗೆ ಊಟ ಇಡಬೇಕು. ಉಸಿರು ಕಟ್ಟಿದಂತಾದರೆ ಅಜ್ಜ ಲೋಟದಿಂದ ಗೋಡೆಗೆ ಬಡಿಯಬೇಕು, ಮಗು ತಕ್ಷಣ ಅಮ್ಮನಿಗೆ ಫೋನ್ ಮಾಡಬೇಕು. ಅಮ್ಮ ಆಸ್ಪತ್ರೆಯಿಂದ ಗಾಡಿ ಕಳಿಸುತ್ತಾಳೆ. ಹೀಗೆ ಮಾತಾಗಿತ್ತು. ಮನೆಯಲ್ಲಿದ್ದದ್ದು ಒಂದೇ ಫೋನ್.

“ಆವತ್ತು ಅಪ್ಪ ಲೋಟ ಬಡಿದ್ರಂತೆ. ನಿಮ್ಮ ಕ್ಲಾಸ್ ನಡೀತಿತ್ತು. ಫೋನ್ ಮಾಡ್ಬೇಕಂದ್ರೆ ಕ್ಲಾಸ್ ಬಿಡ್ಬೇಕಲ್ಲ, ಅದಕ್ಕೇ ನಿಮ್ಮನ್ನ ಕೇಳೋಣ ಅಂತ ಕೈ ಎತ್ತಿದ್ಳಂತೆ. ಟೀಚರ್ ನೋಡ್ತಾರೆ, ಈಗ ನೋಡ್ತಾರೆ, ಅಂತ ಕಾದ್ಳಂತೆ. ಆಮೇಲೆ ಲೋಟದ ಸದ್ದು ನಿಂತ್ಹೋಯ್ತಂತೆ. ಅಜ್ಜನಿಗೆ ಆರಾಮಾಯ್ತೇನೋ ಅಂದ್ಕೊಂಡ್ಳಂತೆ” ಎಂದಳು.

“ಮುಖ ಬಂದ್ ಮಾಡಿದ್ಳಮ್ಮ ಅವಳು. ಕೈ ಎತ್ತಿದ್ರೆ ನನಗೆ ಹೇಗೆ…” ಎಂದರು ಟೀಚರು.

“ಆ ಕೈಯಲ್ಲ ಟೀಚರ್. ಫೋನಲ್ಲಿ ಇರುತ್ತಲ್ಲ, ಹಳದಿದು.”

ಉಕ್ಕಿದ ಹಾಲು, ‘ಇದು ಬಹಳ ಮುಖ್ಯ’ ಎಂದ ತರಬೇತಿಯವನ ಧ್ವನಿ, ಒಂದು ಕೈಯೂ ಕಾಣ್ತಿಲ್ಲ ಎಂದ ತಮ್ಮದೇ ಮಾತು ಎಲ್ಲವೂ ಒಟ್ಟಿಗೆ ಬಂದು ಟೀಚರ ಎದೆಗೆ ಗುದ್ದಿದವು. ಬಾಯಿಗೆ ಬಂದದ್ದು ಒಂದೇ: “ನಾನು ನೋಡಿದ್ದೆ ಕಣಮ್ಮ. ಅದು ಏನು ಅಂತ ನನಗೆ ಗೊತ್ತಿರ್ಲಿಲ್ಲ.”

ಅಮ್ಮ ಬೈದಿದ್ದರೆ ಸಹಿಸಬಹುದಿತ್ತು. ಅವಳು ಬೈಯಲಿಲ್ಲ. “ಮೊದಲೇ ಕರ್ಕೊಂಡು ಹೋಗಿದ್ರೂ ಉಳೀತಿದ್ರೋ ಇಲ್ವೋ. ದಿನಾ ನೋಡ್ತಿದೀನಲ್ಲ” ಎಂದಳು. “ಟೀಚರ್ ಮಾತು ಮೀರ್ಬೇಡ ಅಂತ ಹೇಳಿಕೊಟ್ಟವಳು ನಾನೇ.” ಮಗುವಿಗೆ ಫೋನ್ ಕೊಡಲು ಟೀಚರು ಕೇಳಿದಾಗ, “ಅವಳು ಯಾರ ಹತ್ರಾನೂ ಮಾತಾಡ್ತಿಲ್ಲ. ಕ್ಲಾಸಿಗೆ ಇನ್ನು ಬರಲ್ಲ ಅಂತಾಳೆ. ಟೀಚರ್ ಬೇಕಂತ್ಲೇ ನೋಡ್ಲಿಲ್ಲ ಅಂದ್ಕೊಂಡಿದಾಳೆ” ಎಂದು ಫೋನಿಟ್ಟಳು.

ಅಕ್ಕನ ಮಗಳು ಬಂದಾಗ ಟೀಚರು ನೆಲದ ಮೇಲೆ ಕೂತಿದ್ದರು. ಹಳದಿ ಕೈ ಎಂದರೇನು ಎಂದು ಕೇಳಿದರು. ಮಾತಾಡಬೇಕಾದವರು ಕೈ ಎತ್ತುವ ಬದಲು ಒತ್ತುವ ಗುಂಡಿ ಎಂದು ಅವಳು ಹೇಳಿದಳು. “ಇಷ್ಟೇನಾ?” ಎಂದರು ಟೀಚರು. ಇಷ್ಟೇ. ಕೇಳಿದ್ದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುವ ಪಾಠ.

ಹೆಡ್‌ಮಾಸ್ಟರರಿಗೆ ಎಲ್ಲವನ್ನೂ ಹೇಳಿ, ನಾನಿನ್ನು ಪಾಠ ಮಾಡುವುದಿಲ್ಲ ಎಂದರು. ಅವರು, “ನಿಮ್ಮ ಮೇಲೆ ಯಾರೂ ದೂರು ಕೊಟ್ಟಿಲ್ವಲ್ಲ ಮೇಡಂ, ಕಾಲವೇ ಹೀಗಿದೆ” ಎಂದು ಸಮಾಧಾನ ಹೇಳಿದರು. ಕಾಲದ ತಲೆಗೆ ಕಟ್ಟುವುದು ಎಷ್ಟು ಸುಲಭ. ಟೀಚರು ಆ ಸುಲಭವನ್ನು ತೆಗೆದುಕೊಳ್ಳಲಿಲ್ಲ. ಆದರೆ ಪಾಠ ಬಿಟ್ಟುಬಿಟ್ಟರೆ ಪಿಸು ಜೀವಮಾನವೆಲ್ಲ ‘ಬೇಕಂತಲೇ ನೋಡಲಿಲ್ಲ’ ಎಂದೇ ನಂಬಿಕೊಂಡು ಬೆಳೆಯುತ್ತಾಳೆ. ಅವಳು ಒಂದೇ ಒಂದು ಸಲ ಬರಬೇಕು. ಅವರಿಗೆ ಬೇರೇನೂ ಬೇಕಿರಲಿಲ್ಲ.

ಮತ್ತೆ ಕಲಿಯಲು ಕೂತರು, ಈ ಸಲ ನಾಚಿಕೆ ಬಿಟ್ಟು. ಅಕ್ಕನ ಮಗಳು ಕೆಳಗಿನ ಕೋಣೆಯಿಂದ ಹಳದಿ ಕೈ ಎತ್ತುವುದು, ಇವರು ಮೇಲಿನಿಂದ “ಹೇಳು ಮಗೂ” ಎನ್ನುವುದು. ಪುಟ ತೋರಿಸುತ್ತಿರುವಾಗ ಎತ್ತಿದರೆ ಎಲ್ಲಿ ಕಾಣುತ್ತದೆ, ಇಬ್ಬರು ಎತ್ತಿದರೆ ಯಾರದು ಮೊದಲು, ಎಲ್ಲ ಕಲಿತರು. “ಸಾಕು ಚಿಕ್ಕಮ್ಮ, ಬಂತಲ್ಲ” ಎಂದರೂ ಬಿಡದೆ, “ಇನ್ನೊಂದ್ಸಲ ಎತ್ತು” ಎನ್ನುತ್ತಿದ್ದರು. ಕೊನೆಕೊನೆಗೆ ಅಕ್ಕನ ಮಗಳು ಕೈ ಎತ್ತುತ್ತಲೇ ಅಳುತ್ತಿದ್ದಳು.

ತರಗತಿಯಲ್ಲಿ ಮಕ್ಕಳಿಗೆ ಹೇಳಿದರು: “ನನ್ನ ಕಾನೂನು ಇವತ್ತಿಗೆ ಮುಗೀತು. ಮನೇಲಿ ಯಾರಾದ್ರೂ ಕರೆದ್ರೆ ಎದ್ದು ಹೋಗಿ. ಕೇಳ್ಬೇಡಿ, ಕಾಯ್ಬೇಡಿ.” ಧ್ವನಿಗಳ ಬೀಗವನ್ನೂ ತೆಗೆದರು. ಕುಕ್ಕರ್, ಟಿವಿ, ಜಗಳ ಎಲ್ಲ ಮತ್ತೆ ಒಳಗೆ ಬಂದವು. ಈಗ ಕೆಲವು ಮನೆಗಳಿಂದ ಕೆಮ್ಮೂ ಬರುತ್ತಿತ್ತು. ಟೀಚರು ಅದೆಲ್ಲದರ ನಡುವೆ ಪಾಠ ಮಾಡಿದರು. ಎಲ್ಲಾದರೂ ಲೋಟ ಬಿದ್ದ ಸದ್ದಾದರೆ ಮಾತು ನಿಲ್ಲಿಸಿ, “ಯಾರ ಮನೇದು ಅದು? ಹೋಗಿ ನೋಡು” ಎನ್ನುತ್ತಿದ್ದರು. ಪಿಸುವಿನ ಅಮ್ಮನಿಗೆ ಆಗಾಗ ಸಂದೇಶ ಕಳಿಸುತ್ತಿದ್ದರು: ಅವಳ ಜಾಗ ಖಾಲಿ ಇದೆ ಎಂದು. ಉತ್ತರ ಬರುತ್ತಿರಲಿಲ್ಲ.

ಒಂದು ಬೆಳಿಗ್ಗೆ ಸಮಾಂತರ ರೇಖೆಗಳ ಪಾಠ ಮಾಡುತ್ತಿದ್ದಾಗ ಕೊನೆಯ ಸಾಲಿನಲ್ಲಿ ಒಂದು ಹೊಸ ಚೌಕ ತೆರೆಯಿತು. ಮುಖ ಇಲ್ಲ, ಪಿಸುವಿನ ಹೆಸರು ಮಾತ್ರ. ಟೀಚರ ಕೈಯಲ್ಲಿದ್ದ ಪೆನ್ಸಿಲ್ ಗೆರೆ ಬಿಟ್ಟು ಆಚೆ ಹೋಯಿತು. ಕರೆದರೆ ಹೆದರಿ ಓಡಿಹೋದಾಳೆಂದು ಕರೆಯಲಿಲ್ಲ. ಪಾಠ ಮುಂದುವರಿಸಿದರು, ಕಣ್ಣು ಮಾತ್ರ ಆ ಚೌಕದ ಮೇಲೆ.

ಹಳದಿ ಕೈ ಎದ್ದಿತು.

“ಹೇಳು ಮಗೂ” ಎಂದರು ಟೀಚರು, ಅದು ಪೂರ್ತಿ ಏಳುವ ಮೊದಲೇ. ಯಾರದೋ ಮನೆಯಲ್ಲಿ ನಲ್ಲಿ ಸೋರುತ್ತಿತ್ತು.

“ಏನಿಲ್ಲ ಟೀಚರ್” ಎಂದಿತು ಆ ಮೆತ್ತನೆಯ ಧ್ವನಿ. “ಕಾಣುತ್ತಾ ಅಂತ ನೋಡ್ದೆ.”

“ಕಾಣುತ್ತೆ ಮಗೂ” ಎಂದರು ಟೀಚರು. “ಈಗ ಕಾಣುತ್ತೆ.”

ಕೈ ಇಳಿಯಿತು. ಸ್ವಲ್ಪ ಹೊತ್ತಿಗೆ ಆ ಚೌಕವೂ ಮುಚ್ಚಿಕೊಂಡಿತು.