ಹುಡುಗಿ ನೋಡಲು ಹೋಗಿ ಬಾನೆಟ್ ತೆಗೆದೆವು

ಕ್ಷಮಿಸಿ ಗೆಳೆಯರೇ, ನಗು ತಡೆಯಲಾಗದೆ ಹೇಳುವುದನ್ನು ನಡುವೆ ನಿಲ್ಲಿಸಿದ್ದೆ, ಮತ್ತೆ ಮೊದಲಿನಿಂದ ಹೇಳುತ್ತೇನೆ. ಇವತ್ತು ನನ್ನ ಅಕ್ಕನ ಮಗ ಶಿವುಗೆ ಹೆಣ್ಣು ನೋಡಲು ಅವನದೇ ಕಾರಿನಲ್ಲಿ ಹಿರೇಬೆಂಡಿಗೇರಿಗೆ ಬಂದೆವು. ಹುಡುಗಿಯ ಅಪ್ಪ ಟ್ರ್ಯಾಕ್ಟರ್ ಇಟ್ಟ ರೈತರು. ಚಹಾ ಆದ ಮೇಲೆ, ಮಗಳನ್ನು ಕರೆಯುವ ಬದಲು, "ಗಾಡಿ ಬಾನೆಟ್ ತಗೀರಿ" ಎಂದರು! ಅಕ್ಕನ ಮುಖ ಬಾಡಿತು. ಅವಳು ತುಂಬಾ ಮೆಚ್ಚಿದ ಸಂಬಂಧವಿದು.

ಅವರು ಇಂಜಿನ್ ಆಯಿಲ್ ಅಳೆಯುವ ಕಡ್ಡಿ ಎಳೆದು, ಹೆಗಲ ಟವೆಲ್ಲಿಗೇ ಒರೆಸಿ, ಮತ್ತೆ ಅದ್ದಿ ನೋಡಿದರು.

"ಆಯಿಲ್ ಭಾಳ ಕುಡಿತೈತೇನಪಾ?"

"ಇಲ್ರಿ," ಎಂದ ಶಿವು. "ವಾರಕ್ಕೊಮ್ಮೆ ಕಡ್ಡಿ ನೋಡ್ತೇನಿ. ಹೊತ್ತಿಗೆ ಸರಿಯಾಗಿ ಆಯಿಲ್, ಫಿಲ್ಟರ್ ಬದಲಿ ಮಾಡಸ್ತೇನಿ. ಎಲ್ಲೆರ ಸೋರಿದ್ರ ಅವತ್ತ ರಿಪೇರಿ."

"ಭೇಷ್! ಇಂಜಿನ್ ಹಿಂಗ ಇಟ್ಟಾಂವ ನನ್ನ ಮಗಳ್ನೂ ಚಲೋ ನೋಡ್ಕೊಂತಾನ. ನಂದು ಒಪ್ಪಿಗಿ!"

ಬಾಗಿಲಲ್ಲಿ ನಿಂತಿದ್ದ ಹುಡುಗಿ ಸುಮ್ಮನಿರಲಿಲ್ಲ: "ತಡೀಪಾ, ನನ್ನ ವಾರಕ್ಕೊಮ್ಮೆ ನೋಡಿದ್ರ ಸಾಲಂಗಿಲ್ಲ. ಮೊದ್ಲ ನಾ ಮಾತಾಡ್ತೇನಿ."

ಅಂಗಳವೆಲ್ಲ ನಕ್ಕಿತು, ಶಿವು ಬೆವರಿದ. ಈಗ ಇಬ್ಬರೂ ಒಳಗೆ ಮಾತಾಡುತ್ತಿದ್ದಾರೆ, ಅಕ್ಕ ಬಾಗಿಲನ್ನೇ ನೋಡುತ್ತಿದ್ದಾಳೆ. ಗಾಡಿ ಪಾಸಾಯಿತು, ಹುಡುಗನದು ಬಾಕಿ.

ತಡೆಯಿರಿ, ಹುಡುಗಿಯೇ ಕರೆಯುತ್ತಿದ್ದಾಳೆ: "ಮಾಮಾ, ಒಳಗ ಬರ್ರಿ, ಸಕ್ಕರಿ ತಿನ್ರಿ!"

ಶಿವು ಕರೆಯುವ ಹಾಗೆಯೇ ನನಗೆ ಮಾಮಾ ಅಂದಳು! ಫೋನ್ ಇಡುತ್ತೇನೆ.