ಕಾಣದ ಹುಡುಗಿಯ ಶೂಟಿಂಗ್

ಮದುವೆ ವಿಡಿಯೊ ತೆಗೆಯುವವನಿಗೆ ಇರುವುದು ಒಂದೇ ಭಯ, ಯಾರಾದರೂ ಬಿಟ್ಟುಹೋದಾರು ಎಂಬುದು. ತಾಳಿ ಕಟ್ಟುವುದು ಅರ್ಧ ತಪ್ಪಿದರೂ ಜನ ಸಹಿಸುತ್ತಾರೆ. ಹುಡುಗಿಯ ಸೋದರಮಾವ ಊಟದ ಪಂಕ್ತಿಯಲ್ಲಿ ಕಾಣಲಿಲ್ಲವೋ, ಆರು ತಿಂಗಳಾದ ಮೇಲೂ ಸ್ಟುಡಿಯೊಗೆ ಬಂದು ಬೈದು ಹೋಗುತ್ತಾರೆ. ಹಾಗಾಗಿ ಶಿಕಾರಿಪುರದ ಯಾವ ಕಲ್ಯಾಣ ಮಂಟಪಕ್ಕೆ ಹೋದರೂ ನಾನು ಬಾಗಿಲಿನಿಂದ ಶುರುಮಾಡಿ ಕೈತೊಳೆಯುವ ಜಾಗದವರೆಗೆ ಒಬ್ಬರನ್ನೂ ಬಿಡುವುದಿಲ್ಲ. ಬಾಯಲ್ಲಿ ಹೋಳಿಗೆ ತುರುಕಿಕೊಂಡವರನ್ನಂತೂ ಮೊದಲು ಹಿಡಿಯುತ್ತೇನೆ.

ಇಂಥವನ ಹತ್ತಿರ ಒಂಬತ್ತನೇ ಕ್ಲಾಸಿನ ನನ್ನ ಮಗಳು ಬಂದು, ಶಾಲೆಯ ವಾರ್ಷಿಕೋತ್ಸವಕ್ಕೆ ಸಿನಿಮಾ ಮಾಡುತ್ತಿದ್ದೇವೆ, ಕ್ಯಾಮೆರಾ ನೀನೇ ಹಿಡಿಯಬೇಕು ಎಂದಳು. ಮನೆಮಂದಿಯೆಲ್ಲ ಕೂತು ನಗುವಂಥ ಸಿನಿಮಾವಂತೆ. ಒಂದು ಹೈಸ್ಕೂಲು, ನಾಲ್ಕು ಮಕ್ಕಳು, ಇದ್ದಕ್ಕಿದ್ದಂತೆ ನಾಲ್ವರಿಗೂ ಅದ್ಭುತ ಶಕ್ತಿ ಬರುತ್ತದೆ. ಒಬ್ಬ ಹಾರುತ್ತಾನೆ. ಒಬ್ಬಳು ಟ್ರ್ಯಾಕ್ಟರ್ ಟ್ರೈಲರನ್ನು ಒಂಟಿ ಕೈಯಲ್ಲಿ ಎತ್ತುತ್ತಾಳೆ. ಇನ್ನೊಬ್ಬನಿಗೆ ಮೇಷ್ಟ್ರು ನಾಳೆ ಕೇಳುವ ಪ್ರಶ್ನೆ ಇವತ್ತೇ ಕಿವಿಗೆ ಬೀಳುತ್ತದೆ. ನಾಲ್ಕನೆಯವಳು ಯಾರ ಕಣ್ಣಿಗೂ ಕಾಣುವುದಿಲ್ಲ. ಇಷ್ಟೆಲ್ಲ ಶಕ್ತಿ ಇಟ್ಟುಕೊಂಡು ಆ ನಾಲ್ವರು ಮಾಡುವ ಘನಕಾರ್ಯವೆಂದರೆ ಗಣಿತದ ಟೆಸ್ಟ್ ತಪ್ಪಿಸುವುದು. ಕಥೆ ನನಗೆ ಬಹಳ ಹಿಡಿಸಿತು.

"ನಿಂದು ಯಾವ ಪಾರ್ಟು?" ಎಂದು ಕೇಳಿದೆ.

"ಕಾಣ್ದೇ ಇರೋಳು."

ಮೈಯೆಲ್ಲ ಉರಿದುಹೋಯಿತು. ಮಾರನೇ ದಿನವೇ ಶಾಲೆಗೆ ಹೋಗಿ ಕನ್ನಡ ಮೇಡಂ ಮುಂದೆ ನಿಂತೆ. "ಏನ್ರೀ ಮೇಡಂ, ಕ್ಯಾಮೆರಾ ನಂದು, ಲೈಟು ನಂದು. ಎಲ್ಲಾರ ಮಕ್ಳೂ ಹಾರ್ತಾವ, ಎತ್ತಾಡ್ತಾವ. ನಮ್ಮ ಹುಡುಗಿ ಒಬ್ಳು ಕಾಣಂಗಿಲ್ಲೇನ್ರೀ? ಇದ್ಯಾವ ನ್ಯಾಯ?"

ಮೇಡಂ ನಕ್ಕರು. "ಕಥೆ ಬರ್ದಿದ್ದೇ ನಿಮ್ಮ ಮಗಳ್ರೀ. ಆ ಪಾರ್ಟು ಬ್ಯಾರೆ ಯಾರಿಗೂ ಕೊಡಲ್ಲ ಅಂತ ಹಟ ಹಿಡಿದೋಳೂ ಅವಳೇ. ನಾನೇನು ಮಾಡ್ಲಿ ಹೇಳ್ರಿ."

ನಾನು ಪೆಚ್ಚುಮೋರೆ ಹಾಕಿಕೊಂಡು ವಾಪಸು ಬಂದೆ.

ಶೂಟಿಂಗ್ ಶುರುವಾಯಿತು. ಹಾರುವ ಹುಡುಗನನ್ನು ಹಸಿರು ಬಟ್ಟೆಯ ಮುಂದೆ ಬೆಂಚಿನ ಮೇಲೆ ಬೋರಲು ಮಲಗಿಸಿ, ಮಂಟಪದಿಂದ ತಂದ ದೊಡ್ಡ ಫ್ಯಾನು ಹಚ್ಚಿದೆ. ಅವನ ತಾಯಿ ಪಕ್ಕದಲ್ಲೇ ನಿಂತು, "ಹೊಟ್ಟಿ ಒಳಗ ಎಳ್ಕೊಳಲೇ" ಎಂದು ಕೂಗುತ್ತಿದ್ದರು. ಆಮೇಲೆ ಕಂಪ್ಯೂಟರಿನಲ್ಲಿ ಹಸಿರು ತೆಗೆದು ಅವನನ್ನು ಅಂಜನಾಪುರ ಡ್ಯಾಮಿನ ಮೇಲೆ ಹಾರಿಸಿದೆ. ಅದು ಯಾರದೋ ಪ್ರೀ-ವೆಡ್ಡಿಂಗ್‌ಗೆ ನಾನೇ ಡ್ರೋನಿನಲ್ಲಿ ತೆಗೆದಿದ್ದ ದೃಶ್ಯ. ಹುಡುಗ ಅರ್ಧ ಡ್ಯಾಮು ದಾಟಿದ ಮೇಲೆ ನೋಡುತ್ತೇನೆ, ಕೆಳಗೆ ಮದುಮಕ್ಕಳು ಕೈಕೈ ಹಿಡಿದು ಓಡುತ್ತಿದ್ದಾರೆ. ಇರಲಿ ಬಿಡು ಎಂದುಕೊಂಡೆ. ಟ್ರೈಲರ್ ಎತ್ತುವುದು ಸಲೀಸಾಯಿತು. ಮೆಕ್ಕೆಜೋಳ ಸುರಿಯಲು ತಾನೇ ಮೇಲೇಳುವ ಟ್ರೈಲರು, ಡ್ರೈವರ್ ಬಗ್ಗಿ ಕೂತು ಲಿವರ್ ಎಳೆದ, ಹುಡುಗಿ ಕೆಳಗೆ ಅಂಗೈ ಒಡ್ಡಿ ಹಲ್ಲು ಕಚ್ಚಿದಳು.

ಕೊನೆಗೆ ನನ್ನ ಮಗಳ ಸರದಿ. ಖಾಲಿ ಕ್ಲಾಸ್‌ರೂಮು, ಖಾಲಿ ಬೆಂಚು. ಇವಳು ನೆಲದ ಮೇಲೆ ಮಲಗಿ ನೈಲಾನ್ ದಾರ ಎಳೆದರೆ ಬೆಂಚು ಸರಿಯಬೇಕು, ಟಿಫಿನ್ ಡಬ್ಬಿಯ ಮುಚ್ಚಳ ತೆರೆಯಬೇಕು. "ಅಪ್ಪಾ, ಕ್ಯಾಮೆರಾ ಅಲ್ಲಾಡಿಸ್ಬ್ಯಾಡ. ಬೆಂಚಷ್ಟೇ ಹಿಡಿ, ಬಾಳ ಹೊತ್ತು ಹಿಡಿ" ಎಂದು ನೆಲದಿಂದಲೇ ಅಪ್ಪಣೆ ಕೊಟ್ಟಳು. ಮದುವೆಯಲ್ಲಿ ಅಷ್ಟು ಹೊತ್ತು ಖಾಲಿ ಕುರ್ಚಿ ತೋರಿಸಿದ್ದರೆ ಬೀಗರು ನನ್ನನ್ನು ಜೀವಸಹಿತ ಬಿಡುತ್ತಿರಲಿಲ್ಲ.

ಎಡಿಟಿಂಗಿಗೆ ಕೂತಾಗ ಜೀವ ತಡೆಯಲಿಲ್ಲ. ನೆಂಟರಿಷ್ಟರೆಲ್ಲ ಬರುವವರು. ಊರ ಮಕ್ಕಳೆಲ್ಲ ಕಂಡು ನನ್ನ ಮಗಳೊಬ್ಬಳೇ ಕಾಣದಿದ್ದರೆ ನಾನು ಎಂಥ ವಿಡಿಯೊದವನು? ಮದುಮಗಳಿಗೆ ಮಾಡುವುದನ್ನೇ ಮಾಡಿದೆ. ಖಾಲಿ ಬೆಂಚಿನ ಮೇಲೆ ಗುಲಾಬಿ ಬಣ್ಣದ ಒಂದು ಹೃದಯ, ಅದರೊಳಗೆ ರೇಷ್ಮೆ ಲಂಗ ಉಟ್ಟು ನಗುವ ಮಗಳ ಮುಖ, ಸುತ್ತ ಉದುರುವ ಹೂವಿನ ಎಸಳು. ಯಾರಿಗೂ ಹೇಳಲಿಲ್ಲ. ಅವಳು ಓಡಿಬಂದು ತಬ್ಬಿಕೊಳ್ಳುತ್ತಾಳೆ ಎಂದು ಬೇರೆ ಅಂದುಕೊಂಡಿದ್ದೆ, ಮಂಕುದಿಣ್ಣೆ.

ವಾರ್ಷಿಕೋತ್ಸವದ ದಿನ ಹಾರುವ ಹುಡುಗನಿಗೆ ಶಿಳ್ಳೆಯೋ ಶಿಳ್ಳೆ. ಕೆಳಗೆ ಓಡಿದ ಮದುಮಕ್ಕಳಿಗೂ ಬಿತ್ತು. ಆಮೇಲೆ ಖಾಲಿ ಬೆಂಚು ಬಂತು. ಮೈದಾನ ಗಪ್‌ಚಿಪ್ಪಾಯಿತು. ಬೆಂಚು ತಾನಾಗಿ ಸರಿಯಿತು. ಅಷ್ಟರಲ್ಲಿ ಪಟ್ಟನೆ ನನ್ನ ಗುಲಾಬಿ ಹೃದಯ ಅರಳಿತು, ಎಸಳು ಸುರಿಯಿತು. ಮದುವೆ ವಿಡಿಯೊಗಳಲ್ಲಿ ಅದರ ಜೊತೆಗೆ ಅಂಟಿಕೊಂಡೇ ಇರುತ್ತಿದ್ದ ವಾಲಗದ ಸದ್ದನ್ನು ತೆಗೆಯಲು ನಾನು ಮರೆತಿದ್ದೆ, ಅದೂ ಪೀಪೀ ಎಂದು ಊದಿತು. ಇಡೀ ಮೈದಾನ ಬಿದ್ದು ಬಿದ್ದು ನಕ್ಕಿತು. "ಮದ್ವಿ ಯಾವಾಗ್ರೋ?" ಎಂದು ಹಿಂದಿನಿಂದ ಯಾರೋ ಕೂಗಿದರು. ಮಗಳು ವೇದಿಕೆಯ ಪಕ್ಕದಿಂದ ಎದ್ದು ಹೊರಗೆ ಓಡಿಹೋದಳು.

ಮೂರು ದಿನ ನನ್ನ ಜೊತೆ ಮಾತಿಲ್ಲ. "ಅವ್ರಿಗೆ ಚಟ್ನಿ ಬೇಕಾ ಕೇಳು" ಎಂದು ನನ್ನೆದುರೇ ಅವಳ ಅಮ್ಮನಿಗೆ ಹೇಳುತ್ತಿದ್ದಳು. ನಾಲ್ಕನೇ ದಿನ ತಾನಾಗಿ ಸ್ಟುಡಿಯೊಗೆ ಬಂದಳು.

"ಚೆಂದ ಕಾಣ್ತಿದ್ದೆಲ್ಲವ್ವಾ, ಅದ್ರಾಗೇನು ತಪ್ಪು?" ಎಂದೆ.

ಅಲ್ಲಿಗೆ ಶುರುವಾಯಿತು ಮಂಗಳಾರತಿ. "ನೀನು ಜನರ ಮುಖ ನೋಡಿದ್ಯಾ? ನೀನು ನಿನ್ನ ಹಾರ್ಟ್ ಬರೋದನ್ನಷ್ಟೇ ಕಾಯ್ತಿದ್ದೆ. ಎಲ್ಲಾರೂ ನನ್ನ ಹುಡುಕ್ತಿದ್ರಪ್ಪಾ! ಅಷ್ಟೂ ಜನ ಕುತ್ಗಿ ಉದ್ದ ಮಾಡ್ಕಂಡು ನನ್ನೊಬ್ಳನ್ನೇ ಹುಡುಕ್ತಿದ್ರು. ನೀನು ತೋರ್ಸಿಬಿಟ್ಟೆ!" ಎಂದವಳು ಗೊಳೋ ಎಂದು ಅತ್ತಳು.

ನನಗೆ ನಿಜಕ್ಕೂ ನಾಚಿಕೆಯಾಯಿತು. ಇಪ್ಪತ್ತು ವರ್ಷ ಜನರ ಮುಖಕ್ಕೆ ಕ್ಯಾಮೆರಾ ಹಿಡಿದವನಿಗೆ ಇಷ್ಟು ಹೊಳೆದಿರಲಿಲ್ಲ. ಕಂಪ್ಯೂಟರ್ ಹಚ್ಚಿದೆ. ಅವಳು ಪಕ್ಕದಲ್ಲಿ ಕೂತು, ಮೂಗು ಒರೆಸಿಕೊಳ್ಳುತ್ತಾ, ಇಲ್ಲಿ ಕತ್ತರಿಸು, ಇಲ್ಲಿ ಬಿಡು ಎನ್ನುತ್ತಾ ಹೋದಳು. ಹೃದಯ, ಎಸಳು, ವಾಲಗ ಎಲ್ಲ ಹೋದವು. ಮಗಳ ನಗುಮುಖವನ್ನೂ ನನ್ನ ಕೈಯಾರೆ ಅಳಿಸಿದೆ.

ಮೊಣಕಾಲು ನೋವೆಂದು ನನ್ನ ಅತ್ತೆ ವಾರ್ಷಿಕೋತ್ಸವಕ್ಕೆ ಬಂದಿರಲಿಲ್ಲ. ಭಾನುವಾರ ಲ್ಯಾಪ್‌ಟಾಪ್ ಹೊತ್ತುಕೊಂಡು ಸೊರಬಕ್ಕೆ ಹೋದೆವು. ಅತ್ತೆ ಹಾರುವ ಹುಡುಗನನ್ನು ನೋಡಿ ನಕ್ಕರು, ಟ್ರೈಲರ್ ಹುಡುಗಿಗೆ ಭೇಷ್ ಎಂದರು. ಖಾಲಿ ಬೆಂಚು ಬಂದಾಗ ನನ್ನ ಕಡೆ ತಿರುಗಿದರು.

"ಎಂತದು ಅಳಿಯಂದ್ರೇ, ಬರೀ ಬೆಂಚು ತೋರಿಸ್ತಾ ಇದೀರಲ್ಲ? ನಮ್ ಕೂಸು ಎಲ್ಲಿ?"

ಹೇಳಿಬಿಡಲು ನಾಲಿಗೆ ತುದಿಗೆ ಬಂದಿತ್ತು. ಮಗಳು ನನ್ನ ಮಣಿಕಟ್ಟು ಗಟ್ಟಿಯಾಗಿ ಹಿಡಿದಳು. ಬೆಂಚು ಸರಿಯಿತು. ಡಬ್ಬಿಯ ಮುಚ್ಚಳ ತೆರೆಯಿತು. ಅತ್ತೆ ಸೆರಗಿನಲ್ಲಿ ಕನ್ನಡಕ ಒರೆಸಿ, ಮುಂದೆ ಜರುಗಿ, ಮೂಗು ಪರದೆಗೆ ತಾಗುವಷ್ಟು ಬಗ್ಗಿದರು. ಬೆಂಚಿನ ಕೆಳಗೆ ನೋಡಿದರು, ಕಿಟಕಿಯ ಹತ್ತಿರ ನೋಡಿದರು. "ಇಲ್ಲೇ ಅದೆ ಕೂಸು. ಇಲ್ಲೇ ಎಲ್ಲೋ ಅದೆ" ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಮಗಳು ಉಸಿರು ಬಿಗಿಹಿಡಿದು ಅಜ್ಜಿಯ ಮುಖವನ್ನೇ ನೋಡುತ್ತಿದ್ದಳು. ನಾನು ಬಾಯಿ ಬಿಡಲಿಲ್ಲ.