ವಾಪಸ್ ಬಂದ ಸಿಂಥಸೈಜರ್

ನಮ್ಮವರು ಕರೆಂಟಿನಲ್ಲಿ ನಡೆಯುವ ವಾದ್ಯಗಳನ್ನು ರಿಪೇರಿ ಮಾಡುತ್ತಾರೆ. ಮನೆಯ ಮುಂದಿನ ಕೋಣೆಯೇ ಅಂಗಡಿ. ನಲವತ್ತು ವರ್ಷದಿಂದ ಆ ಮೇಜಿನ ಮೇಲೆ ಒಂದು ಲೋಟ ಇಡಲು ನನಗೆ ಜಾಗ ಸಿಕ್ಕಿಲ್ಲ. ಬಿಚ್ಚಿದ ಹಳೇ ಸಾಮಾನು ಯಾವುದನ್ನೂ ಎಸೆಯುವವರಲ್ಲ. ಬೆಂಕಿಪೊಟ್ಟಣಕ್ಕೆ ಹಾಕಿ, ಯಾರದು ಎಂದು ಚೀಟಿ ಅಂಟಿಸಿ ಮಂಚದ ಕೆಳಗೆ ತಳ್ಳುತ್ತಾರೆ. ನಾನು ಕಸ ಗುಡಿಸುವುದು ಆ ಪೊಟ್ಟಣಗಳ ಅಪ್ಪಣೆ ಪಡೆದು!

ಈಚೆಗೆ ಇವರ ಕೈ ನಡುಗತೊಡಗಿತ್ತು. ಕಳೆದ ತಿಂಗಳು ಎರಡು ಕೆಲಸ ವಾಪಸ್ ಬಂದವು. ಎರಡನೆಯದು ಬಂದ ದಿನ ಊಟಕ್ಕೆ ಕೂತವರು, "ಇನ್ನೊಂದು ವಾಪಸ್ ಬಂದ್ರೆ ಅಂಗಡಿಗೆ ಬೀಗ ಕಣೇ," ಎಂದರು. ತಮಾಷೆ ಅಂದುಕೊಂಡೆ. ಬೆಳಿಗ್ಗೆ ನೋಡಿದರೆ ಬೀಗಕ್ಕೆ ಎಣ್ಣೆ ಬಿಟ್ಟು ಕಿಟಕಿಯಲ್ಲಿ ಇಟ್ಟಿದ್ದಾರೆ. ಕೆಲಸ ಬಿಟ್ಟು ಈ ಮನುಷ್ಯ ಬದುಕುವುದಾದರೂ ಹೇಗೆ?

ಆಗ ಬಂದವಳು ಬ್ಯಾಂಡಕ್ಕ. ಸಮಾರಂಭಗಳಲ್ಲಿ ಹಾಡುವ ತಂಡವೊಂದರಲ್ಲಿ ಸಿಂಥಸೈಜರ್, ಅಂದರೆ ಹತ್ತಾರು ವಾದ್ಯಗಳ ದನಿ ಹೊರಡಿಸುವ ಕೀಬೋರ್ಡು, ನುಡಿಸುವವಳು. ವಾದ್ಯಕ್ಕೆ ಇಪ್ಪತ್ತು ವರ್ಷ. ಗುಂಡಿಗಳ ಮೇಲಿನ ಅಕ್ಷರವೆಲ್ಲ ಅಳಿಸಿ ಬೋಳಾಗಿತ್ತು.

"ಅಣ್ಣಾ, ಕೆಲವು ಗುಂಡಿ ಒತ್ತಿದ್ರೂ ಕೇಳಲ್ಲ. ಎಲ್ಲಾ ಸರಿ ಮಾಡ್ಕೊಡಿ. ಭಾನುವಾರ ಕಾರ್ಯಕ್ರಮ ಇದೆ."

ಗುಂಡಿಯ ಕೆಳಗೊಂದು ಪುಟ್ಟ ರಬ್ಬರ್, ಅದರಡಿಯಲ್ಲಿ ಕರಿ ಬೊಟ್ಟು. ಬೊಟ್ಟು ಸವೆದರೆ ಒತ್ತಿದ್ದು ಒಳಗೆ ತಲುಪುವುದಿಲ್ಲ. ಇವರು ಎರಡು ದಿನ ಬೆನ್ನು ಬಗ್ಗಿಸಿ ಕೂತು ಎಲ್ಲಕ್ಕೂ ಹೊಸ ರಬ್ಬರ್ ಹಾಕಿಕೊಟ್ಟರು.

ಮರುದಿನವೇ ವಾಪಸ್!

"ಅಣ್ಣಾ, ದನಿ ಬದಲಾಯಿಸೋ ಗುಂಡಿಗೆ ತಲೆ ಕೆಟ್ಟಿದೆ. ಕೊಳಲು ಬರೋ ಕಡೆ ತುತ್ತೂರಿ ಬರ್ತಿದೆ!"

ಆ ಗುಂಡಿ ಒಂದು ಸಲ ಒತ್ತಿದರೆ ಪಿಟೀಲಿನ ದನಿ ಹೋಗಿ ಕೊಳಲಿನದು ಬರಬೇಕು, ಮತ್ತೆ ಒತ್ತಿದರೆ ಅದರ ಮುಂದಿನದು. ಇವರು ಒತ್ತಿದರು. ಕೊಳಲು. ಮತ್ತೆ ಪಿಟೀಲಿಗೆ ತಂದು ಒತ್ತಿ ನೋಡಿದರು. ಕೊಳಲೇ. ಅವಳು ಒಪ್ಪಿ ಒಯ್ದಳು, ಸಂಜೆಗೆ ಮತ್ತೆ ತಂದಳು. ಇವರ ಕಣ್ಣು ಕಿಟಕಿಯ ಬೀಗದ ಕಡೆ ಹೋಯಿತು.

ರಾತ್ರಿಯೆಲ್ಲ ನಿದ್ದೆಯಿಲ್ಲ. "ನಾನು ಮುಟ್ಟಿದ್ರೆ ಕೊಳಲು, ಅವಳು ಮುಟ್ಟಿದ್ರೆ ತುತ್ತೂರಿ. ಅದಕ್ಕೇನು ಕಣ್ಣಿದೆಯೇನೇ?" ಎಂದು ನನ್ನನ್ನು ಎಬ್ಬಿಸಿ ಕೇಳಿದರು. ಬೆಳಿಗ್ಗೆ ಕನ್ನಡಕ ಹಾಕಿಕೊಂಡೇ ಕನ್ನಡಕ ಹುಡುಕಿದರು. ನನಗೆ ಬ್ಯಾಂಡಕ್ಕನ ಮೇಲೆ ಉರಿದುಹೋಯಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ!

ಶುಕ್ರವಾರ ಅವಳು ಬಂದಾಗ ಚಹಾ ಕೊಡುವ ನೆಪದಲ್ಲಿ ಪಕ್ಕದಲ್ಲೇ ನಿಂತೆ.

"ಎಲ್ಲಿ, ಒತ್ತಮ್ಮಾ," ಎಂದರು ಇವರು.

ಟಕ್ ಟಕ್ ಟಕ್. ತುತ್ತೂರಿ.

"ಅಯ್ಯೋ, ಮೂರು ಸಲ ಯಾಕೆ ಒತ್ತಿದೆ?" ಎಂದೆ.

"ನಾನಾ? ಒಂದೇ ಸಲ ಒತ್ತಿದ್ದು, ಅತ್ತಿಗೆ!"

ಅವಳು ಸುಳ್ಳು ಹೇಳುತ್ತಿರಲಿಲ್ಲ, ಪಾಪ. ಹಳೇ ಗುಂಡಿ ಮೂರು ಸಲ ಒತ್ತಿದರೆ ಒಂದು ಸಲ ಕೇಳುತ್ತಿತ್ತು. ವರ್ಷಗಟ್ಟಲೆ ಹಾಗೇ ಒತ್ತಿ ಒತ್ತಿ ಬೆರಳಿಗೆ ಮೂರೇ ಒಂದಾಗಿತ್ತು. ಹೊಸದು ಮೂರನ್ನೂ ಕೇಳಿ ಕೊಳಲು ದಾಟಿ ಮುಂದೆ ಹೋಗುತ್ತಿತ್ತು. ನೋಡಿಕೊಂಡು ಒತ್ತಿದರೆ ಸರಿಬರುತ್ತಿತ್ತು. ನುಡಿಸುತ್ತ ಒತ್ತಿದರೆ ಮತ್ತೆ ಟಕ್ ಟಕ್ ಟಕ್. ಅವಳ ಕಣ್ಣಲ್ಲಿ ನೀರು ಬಂತು. "ನಾಡಿದ್ದು ಏನ್ಮಾಡ್ಲಿ ಅಣ್ಣಾ?"

ಇವರು ಮಂಚದ ಕೆಳಗೆ ತೂರಿ ಅವಳ ಚೀಟಿಯ ಬೆಂಕಿಪೊಟ್ಟಣ ತಂದರು. ಆ ಒಂದು ಗುಂಡಿಗೆ ಮಾತ್ರ ಹೊಸ ರಬ್ಬರ್ ಕಿತ್ತು ಸವೆದದ್ದನ್ನೇ ಕೂರಿಸಿದರು. ಕೈ ನಡುಗುತ್ತಲೇ ಇತ್ತು. ಆದರೂ ಅದು ಮೊದಲು ಇದ್ದ ಹಾಗೇ ಕೂತಿತು.

ಟಕ್ ಟಕ್ ಟಕ್. ಕೊಳಲು.

ಬ್ಯಾಂಡಕ್ಕ ಅತ್ತು, ನಕ್ಕು, ಚಹಾ ಕುಡಿದು ಹೋದಳು. ಇವರು ಹೊಸ ರಬ್ಬರನ್ನು ಅಂಗೈಯಲ್ಲಿ ಇಟ್ಟುಕೊಂಡು ಕೂತೇ ಇದ್ದರು.

"ಲೇ, ಕೆಟ್ಟಿದ್ದನ್ನ ಕೆಟ್ಟ ಹಾಗೇ ಕೊಟ್ಟು ಕಳಿಸಿದ್ನಲ್ಲೇ. ಇದು ರಿಪೇರಿನಾ? ಇದನ್ನ ವಾಪಸ್ ಬಂದಿದ್ದು ಅಂತ ಲೆಕ್ಕ ಹಿಡೀಬೇಕಾ, ಬೇಡ್ವಾ?"

"ನಂಗೇನ್ರೀ ಗೊತ್ತು? ಕೂತು ಯೋಚ್ನೆ ಮಾಡಿ," ಎಂದೆ.

ಮರುದಿನ ಬೆಳಿಗ್ಗೆ ಯೋಚನೆ ಮಾಡುತ್ತಲೇ ಅಂಗಡಿ ಬಾಗಿಲು ತೆಗೆದರು.